ಗಡ್ಡೆಯಲ್ಲದ ಗಡ್ಡೆ

ಮೇಷ್ಟ್ರ ಕೆಲಸದಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ನಮಗೆ ಎಲ್ಲ ಗೊತ್ತಿದೆ ಎಂದು ಊರಿನವರು ತಿಳಿದಿರುತ್ತಾರೆ, ಅದು ಅನುಕೂಲ. ಕಾಲ ಕಳೆದಂತೆ ನಾವೂ ಹಾಗೆಯೇ ತಿಳಿದುಬಿಡುತ್ತೇವೆ; ಅದು ಅಪಾಯ. ವಿಜ್ಞಾನದ ಮೇಷ್ಟ್ರಾದರಂತೂ ಕೇಳುವುದೇ ಬೇಡ. ಪಂಪಿನ ಮೋಟಾರು ಸುಟ್ಟರೆ, ಬೋರ್‌ವೆಲ್ ನೀರಿನಲ್ಲಿ ಬಿಳಿ ಗಸಿ ಕಂಡರೆ, ಮಾತ್ರೆಯ ಹೆಸರು ಓದಲು ಬಾರದಿದ್ದರೆ, ‘ಸೈನ್ಸ್ ಮೇಷ್ಟ್ರನ್ನ ಕೇಳಿ’ ಎನ್ನುತ್ತಾರೆ. ಬಿ.ಎಸ್ಸಿ., ಬಿ.ಇಡಿ. ಎಂಬ ಎರಡು ಡಿಗ್ರಿಗಳ ಬಲದ ಮೇಲೆ ಇಂಥ ಪ್ರಶ್ನೆಗಳಿಗೆಲ್ಲ ಧಾರಾಳವಾಗಿ ಉತ್ತರ ಕೊಡುತ್ತ ಬಂದವನು ನಾನು. ಹಾಗೆ ಕೊಟ್ಟ ಒಂದು ಉತ್ತರ ಒಬ್ಬ ಹುಡುಗಿಯ ಜೀವಕ್ಕೇ ಎರವಾಗುವುದರಲ್ಲಿತ್ತು. ಆ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ.

ನಮ್ಮ ಪಟ್ಟಂದೂರು ಅಗ್ರಹಾರ ಹೆಸರಿಗೆ ಅಗ್ರಹಾರ. ಒಂದು ಕಡೆ ಗಾಜಿನ ಗೋಡೆಯ ಕಂಪನಿಗಳು, ಇನ್ನೊಂದು ಕಡೆ ಕೆರೆ, ನಡುವೆ ಇಕ್ಕಟ್ಟಾದ ಹಳೆಯ ಊರು. 2023ರಿಂದ ಮೆಟ್ರೋ ರೈಲಿನಲ್ಲಿ ನಮ್ಮೂರ ಹೆಸರನ್ನು ದಿನವೂ ಸಾರಿ ಹೇಳುತ್ತಾರೆ. ಆ ಕಂಪನಿಗಳ ಬಾಗಿಲು ಕಾಯುವವರು, ನೆಲ ಒರೆಸುವವರು ಊರಿನ ಸಾಲುಮನೆಗಳ ಒಂದೊಂದು ಕೋಣೆಯಲ್ಲಿ ಇರುತ್ತಾರೆ. ಕೊಪ್ಪಳ, ರಾಯಚೂರು, ಯಾದಗಿರಿ ಕಡೆಯಿಂದ ಬಂದವರು ಬಹಳ. ನನ್ನ ತರಗತಿಯ ಬೆಂಚುಗಳಲ್ಲಿ ಕೂರುವವರು ಹೆಚ್ಚಾಗಿ ಅವರ ಮಕ್ಕಳೇ.

2018ರಲ್ಲಿ ನನ್ನ ಒಂಬತ್ತನೇ ತರಗತಿಯಲ್ಲಿ ಕುಷ್ಟಗಿ ಕಡೆಯ ಒಬ್ಬಳು ಹುಡುಗಿ ಇದ್ದಳು. ತಂದೆ ಸೆಕ್ಯೂರಿಟಿ ಗಾರ್ಡು, ತಾಯಿಗೆ ಹೌಸ್‌ಕೀಪಿಂಗ್ ಕೆಲಸ. ತಮ್ಮನನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಇವಳನ್ನು ಮಾತ್ರ ಕರೆತಂದಿದ್ದರು. ಅಪ್ಪ ರಾತ್ರಿ ಪಾಳಿಗೆ ಹೊರಟರೆ ಅಮ್ಮ ನಸುಕಿನಲ್ಲೇ ಹೊರಡುವಳು. ಓದಿನಲ್ಲಿ ಸಾಧಾರಣ, ಮಾತು ಕಡಿಮೆ, ಕಿಟಕಿಯ ಪಕ್ಕದ ಜಾಗ. ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಕೂರುವುದು ಅವಳ ಅಭ್ಯಾಸ. ‘ಏಯ್, ಜಡೆ ಬಾಯಿಂದ ತೆಗಿ. ಎಮ್ಮೆ ಹುಲ್ಲು ಮೇದ ಹಾಗೆ ಮೇಯ್ತೀಯಲ್ಲ!’ ಎಂದು ನಾನು ಗದರಿಸಿದ್ದು ಒಂದು ಸಲವಲ್ಲ, ಎರಡು ಸಲವಲ್ಲ. ಕ್ಲಾಸೆಲ್ಲ ನಗುತ್ತಿತ್ತು. ಅವಳು ಜಡೆ ಬಿಟ್ಟು ತಲೆ ತಗ್ಗಿಸುತ್ತಿದ್ದಳು.

ಆ ವರ್ಷ ಆಗಸ್ಟ್ ಹೊತ್ತಿಗೆ ಅವಳು ಬಿಳಿಚಿಕೊಂಡಿದ್ದಳು. ಬಿಸಿಯೂಟದ ತಟ್ಟೆಯಲ್ಲಿ ನಾಲ್ಕು ತುತ್ತಿಗೇ ಕೈ ತೊಳೆಯುತ್ತಿದ್ದಳು. ಆಗಾಗ ವಾಂತಿ. ಯಾರೋ ಹೇಳಿದರೆಂದು ಮನೆಯವರು, ಬಟ್ಟಿ ಸರಿದಿರಬೇಕೆಂದು ಹೊಟ್ಟೆ ತಿಕ್ಕಿಸಿದರು. ಗುಣವಾಗಲಿಲ್ಲ. ಒಂದು ಭಾನುವಾರ ಎಣ್ಣೆ ನೀರು ಹಾಕುವಾಗ ತಾಯಿಯ ಕೈಗೆ ಎದೆಗೂಡಿನ ಕೆಳಗೆ ಗಟ್ಟಿಯಾದ ಏನೋ ಸಿಕ್ಕಿತು. ಕ್ಲಿನಿಕ್ಕಿಗೆ ಹೋದರು. ಅಲ್ಲಿಂದ ಸ್ಕ್ಯಾನಿಂಗ್ ಸೆಂಟರಿಗೆ. ಮರುದಿನ ತಂದೆ ಯೂನಿಫಾರಮ್ಮಿನಲ್ಲೇ ರಿಪೋರ್ಟು ಹಿಡಿದು ಸ್ಟಾಫ್‌ರೂಮಿಗೆ ಬಂದರು.

‘ಸರ, ಇದರಾಗ ಏನ್ ಬರದಾರ ನೋಡಿ ಹೇಳ್ರಿ. ಹೊಟ್ಯಾಗ ಗಡ್ಡಿ ಐತಿ ಅಂದ್ರು. ದೊಡ್ಡ ದವಾಖಾನಿಗೆ ಹೋಗ್ರಿ ಅಂದ್ರು.’

ಇಂಗ್ಲಿಷಿನಲ್ಲಿ ಆರೇಳು ಸಾಲು. ಎಲ್ಲ ಸರಿಯಾಗಿ ಅರ್ಥವಾಗಲಿಲ್ಲ. ಕೊನೆಯ ಸಾಲಿನಲ್ಲಿ ‘ನಿಯೋಪ್ಲಾಸಂ’ ಎಂಬ ಶಬ್ದವಿತ್ತು. ಅದು ನನಗೆ ಗೊತ್ತಿತ್ತು. ಹೊಸ ಬೆಳವಣಿಗೆ ಎಂದರ್ಥ. ಗಡ್ಡೆಗೆ ವೈದ್ಯರು ಬಳಸುವ ಮಾತು. ಗೊತ್ತಿದ್ದ ಒಂದು ಶಬ್ದ ಸಿಕ್ಕಿತಲ್ಲ, ಅಷ್ಟೇ ಸಾಕಾಯಿತು ನನಗೆ. ‘ಹೊಟ್ಟೆಯೊಳಗೆ ದುರ್ಮಾಂಸ ಬೆಳೆದಿದೆ ಅಂತ ಕಾಣುತ್ತೆ’ ಎಂದೆ. ‘ಕ್ಯಾನ್ಸರೇನ್ರಿ ಸರ?’ ಎಂದರು. ಇಲ್ಲ ಎನ್ನಲು ನನಗೆ ಧೈರ್ಯವಿರಲಿಲ್ಲ. ‘ಕಿದ್ವಾಯಿಗೆ ಹೋಗಬೇಕಾಗಬಹುದು’ ಎಂದುಬಿಟ್ಟೆ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯಿಂದ ಗುಣವಾಗಿ ಮನೆಗೆ ಬಂದವರು ಎಷ್ಟೋ ಮಂದಿ. ಆದರೆ ನಮ್ಮ ಜನರ ಕಿವಿಗೆ ಆ ಹೆಸರು ಬಿದ್ದರೆ ಮುಂದಿನ ಮಾತು ಕೇಳಿಸುವುದಿಲ್ಲ. ಅವರಿಗೂ ಕೇಳಿಸಲಿಲ್ಲ. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದರು.

ಮೂರು ದಿನ ಹುಡುಗಿ ಬರಲಿಲ್ಲ. ನಾಲ್ಕನೆಯ ದಿನ ತಂದೆ ತಾಯಿ ಇಬ್ಬರೂ ಬಂದರು. ಟಿ.ಸಿ. ಕೇಳಲು ಬಂದಿದ್ದರು.

‘ಊರಿಗೆ ಕರಕೊಂಡು ಹೋಗ್ತೀವ್ರಿ ಸರ. ಅಕಿ ಅಜ್ಜಿ ಕೂಡ ಇರ್ಲಿ. ತಮ್ಮನ ಕೂಡ ಇರ್ಲಿ. ಇದ್ದಷ್ಟು ದಿನ...’ ಎಂದ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು.

ನನ್ನ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಇವರಿಗೆ ಇದನ್ನು ಹೇಳಿದವರು ಯಾರು? ಡಾಕ್ಟರಲ್ಲ, ನಾನು. ‘ಆ ಕಾಗದ ಇನ್ನೊಂದು ಸಲ ಕೊಡಿ’ ಎಂದೆ. ಕನ್ನಡಕ ಹಾಕಿಕೊಂಡು, ಗೊತ್ತಿಲ್ಲದ ಶಬ್ದಗಳಿಗೆ ಡಿಕ್ಷನರಿ ತೆಗೆದು ಓದಿದೆ. ನಿಯೋಪ್ಲಾಸಂ ಎಂಬ ಮಾತಿನ ಹಿಂದೆ ಒಂದು ಪುಟ್ಟ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅದರ ಮುಂದಿನ ಮಾತು ‘ರೂಲ್ ಔಟ್’. ‘ಇದು ಗಡ್ಡೆಯಿರಬಹುದೇ? ಸಿ.ಟಿ. ಸ್ಕ್ಯಾನ್ ಮಾಡಿಸಿ, ಅದಲ್ಲವೆಂದು ಖಚಿತಪಡಿಸಿಕೊಳ್ಳಿ’ ಎಂಬುದು ಒಟ್ಟು ತಾತ್ಪರ್ಯ. ಸ್ಕ್ಯಾನ್ ಮಾಡಿದವರು ಪ್ರಶ್ನೆ ಬರೆದಿದ್ದರು. ನಾನು ಅದನ್ನು ತೀರ್ಪಾಗಿ ಓದಿ ಹೇಳಿದ್ದೆ. ಅಷ್ಟೇ ಅಲ್ಲ, ನಿಯೋಪ್ಲಾಸಂ ಎಂದರೆಲ್ಲ ಕ್ಯಾನ್ಸರೂ ಅಲ್ಲ. ಬೆಳೆದು ಸುಮ್ಮನಿರುವ ನಿರುಪದ್ರವಿ ಗಡ್ಡೆಗೂ ಅದೇ ಹೆಸರು. ಉತ್ತರ ಪತ್ರಿಕೆಯಲ್ಲಿ ಹುಡುಗರು ‘ಸೆಂಟಿಮೀಟರ್’ ಎಂದು ಬರೆಯಲು ಮರೆತರೆ ಅರ್ಧ ಅಂಕ ಕಳೆಯುವ ಮೇಷ್ಟ್ರು ನಾನು!

ಟಿ.ಸಿ. ಕೊಡಲಿಲ್ಲ. ಮರುದಿನ ರಜೆ ಹಾಕಿ, ಮೂವರನ್ನೂ ಆಟೋದಲ್ಲಿ ಕೂರಿಸಿಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಹೋದೆ.

ಸರ್ಜರಿ ವಿಭಾಗದಲ್ಲಿ ನೋಡಿದವರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಒಬ್ಬ ಡಾಕ್ಟರಮ್ಮ. ರಿಪೋರ್ಟಿನ ಮೇಲೆ ಕಣ್ಣು ಹಾಯಿಸಿ ಪಕ್ಕಕ್ಕಿಟ್ಟರು. ಹುಡುಗಿಯನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಗಡ್ಡೆ ಗಟ್ಟಿಯಾಗಿತ್ತು, ಆದರೆ ಅತ್ತಿತ್ತ ಸ್ವಲ್ಪ ಸರಿಯುತ್ತಿತ್ತು; ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತಿತ್ತು. ಕಣ್ಣಿನ ರೆಪ್ಪೆ ಎಳೆದು ರಕ್ತಹೀನತೆ ನೋಡಿದರು. ಆಮೇಲೆ, ನನಗೆ ಅರ್ಥವಾಗದ ಒಂದು ಕೆಲಸ ಮಾಡಿದರು. ಅವಳ ಜಡೆಯನ್ನು ಮೇಲೆತ್ತಿ, ಕಿವಿಯ ಹಿಂದೆ, ಕತ್ತಿನ ಹತ್ತಿರ ಕೂದಲು ಸರಿಸಿ ನೋಡಿದರು. ಅಲ್ಲಲ್ಲಿ ತೆಳ್ಳಗೆ, ತುಂಡು ತುಂಡಾದ ಕೂದಲು. ನಮ್ಮನ್ನು ಹೊರಗೆ ಕಳಿಸಿ, ತಾಯಿಯನ್ನು ಮಾತ್ರ ಇರಿಸಿಕೊಂಡು, ಅವಳ ಪಕ್ಕದಲ್ಲೇ ಕುಳಿತು ಕೇಳಿದರಂತೆ: ‘ಪುಟ್ಟೀ, ಕೂದಲು ಬಾಯಿಗೆ ಹಾಕ್ಕೋಬೇಕು ಅನ್ನಿಸುತ್ತಾ? ಬೈಯಲ್ಲ, ಹೇಳು.’ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೌದೆಂದು ತಲೆ ಆಡಿಸಿದಳಂತೆ. ‘ನುಂಗ್ತೀಯಾ?’ ಅದಕ್ಕೂ ಹೌದು. ಎಷ್ಟು ದಿನದಿಂದ? ‘ಇಲ್ಲಿಗೆ ಬಂದಾಗಿಂದ.’ ಎಂದರೆ ಮೂರು ವರ್ಷ.

ಸಿ.ಟಿ. ಸ್ಕ್ಯಾನ್ ಆಯಿತು. ಅದರ ಚಿತ್ರವನ್ನು ಡಾಕ್ಟರಮ್ಮ ನನಗೂ ತೋರಿಸಿದರು. ಜಠರದ ತುಂಬ ಒಂದು ಮುದ್ದೆ. ಅದರ ಎಳೆಗಳ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು. ಮುಖ್ಯವಾದದ್ದು, ಮುದ್ದೆಗೂ ಜಠರದ ಗೋಡೆಗೂ ನಡುವೆ ಸಣ್ಣ ಅಂತರವಿತ್ತು. ‘ಗೋಡೆಯಿಂದ ಹುಟ್ಟಿದ ಗಡ್ಡೆಯಾದರೆ ಗೋಡೆಗೆ ಅಂಟಿರಬೇಕಲ್ಲ ಸರ್? ಅದಕ್ಕೆ ರಕ್ತನಾಳ ಇರಬೇಕು. ಇದಕ್ಕೆ ಎರಡೂ ಇಲ್ಲ. ಇದು ಬೆಳೆದದ್ದಲ್ಲ, ಸೇರಿದ್ದು’ ಎಂದರು. ಕ್ಲಿನಿಕ್ಕಿನ ಸ್ಕ್ಯಾನಿಂಗಿನಲ್ಲಿ ಇದು ಕಾಣಲಿಲ್ಲವೇಕೆ ಎಂದೆ. ಅದು ಶಬ್ದದ ಅಲೆಗಳಿಂದ ನೋಡುವ ಯಂತ್ರ; ಕೂದಲು ಮತ್ತು ಗಾಳಿಯ ಮುದ್ದೆಗೆ ತಾಗಿದ ಅಲೆ ಅಲ್ಲಿಂದಲೇ ಹಿಂದಿರುಗುತ್ತದೆ, ಹಿಂದೆಲ್ಲ ನೆರಳು ಬೀಳುತ್ತದೆ, ಒಳಗೇನಿದೆ ತಿಳಿಯುವುದಿಲ್ಲ ಎಂದರು. ಪ್ರತಿಧ್ವನಿಯ ಪಾಠವನ್ನು ಪ್ರತಿ ವರ್ಷ ಮಾಡುವ ನಾನು ತಲೆದೂಗಿದೆ.

ಮುದ್ದೆ ದೊಡ್ಡದಾದ್ದರಿಂದ ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆಯುವ ಹಾಗಿರಲಿಲ್ಲ. ಆಪರೇಷನ್ ಮಾಡಿ, ಜಠರವನ್ನು ಸೀಳಿ ತೆಗೆದರು. ಆಮೇಲೆ ತಂದೆಯನ್ನೂ ನನ್ನನ್ನೂ ಕರೆದು ಟ್ರೇ ತೋರಿಸಿದರು. ಜಠರದ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ, ಅದೇ ಆಕಾರದ ಕಪ್ಪು ಕೂದಲಿನ ಗಂಟು. ಅದರಿಂದ ಸಣ್ಣ ಕರುಳಿನೊಳಕ್ಕೆ ಇಳಿದಿದ್ದ ಗೇಣುದ್ದದ ಬಾಲ. ವಾಸನೆ ಹೇಳತೀರದು. ತಂದೆ ಎರಡೂ ಕೈ ಮುಗಿದು ನಿಂತುಬಿಟ್ಟರು. ಅವರು ಮುಗಿದದ್ದು ಡಾಕ್ಟರಿಗೋ ದೇವರಿಗೋ ಗೊತ್ತಿಲ್ಲ. ನಾನು ಮಾತ್ರ ಆ ಮುದ್ದೆಯಲ್ಲಿ ನನ್ನ ತರಗತಿಯ ಕಿಟಕಿ ಪಕ್ಕದ ಬೆಂಚನ್ನು ಕಂಡೆ. ಮೂರು ವರ್ಷ ಕಣ್ಣೆದುರು ನಡೆದದ್ದು! ‘ವಿಜ್ಞಾನದ ಮೊದಲ ಮೆಟ್ಟಿಲು ವೀಕ್ಷಣೆ’ ಎಂದು ಬೋರ್ಡಿನ ಮೇಲೆ ಬರೆದವನು ನಾನೇ. ನೋಡಿದ್ದೆ ನಿಜ. ಯಾಕೆ ಎಂದು ಕೇಳದೆ ಗದರಿಸಿ ಮುಂದೆ ಹೋಗಿದ್ದೆ.

ಹೊಟ್ಟೆಯಲ್ಲಿ ಹೀಗೆ ಜೀರ್ಣವಾಗದೆ ಸೇರಿಕೊಳ್ಳುವ ಮುದ್ದೆಗೆ ಬೆಜೋರ್ ಎನ್ನುತ್ತಾರೆ. ಪಾರಸಿ ಭಾಷೆಯ ‘ಪಾದ್‌ಜಹರ್’ ಎಂಬ ಮಾತಿನಿಂದ ಬಂದದ್ದು. ವಿಷಕ್ಕೆ ಮದ್ದು ಎಂದು ಅರ್ಥ. ಕಾಡುಮೇಕೆಗಳ ಹೊಟ್ಟೆಯಲ್ಲಿ ಸಿಗುವ ಇಂಥ ಕಲ್ಲು ಎಲ್ಲ ವಿಷವನ್ನೂ ಇಳಿಸುತ್ತದೆಂದು ನಂಬಿ ಹಿಂದಿನ ರಾಜರು ಚಿನ್ನದಂತೆ ಕಾಪಾಡುತ್ತಿದ್ದರು. ಹದಿನಾರನೇ ಶತಮಾನದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ಇದನ್ನು ನಂಬಲಿಲ್ಲ. ಕಳ್ಳತನಕ್ಕಾಗಿ ಮರಣದಂಡನೆಯಾಗಿದ್ದ ಒಬ್ಬ ಅಡಿಗೆಯವನು ವಿಷ ಕುಡಿದು ಕಲ್ಲನ್ನು ಸೇವಿಸಲು ಒಪ್ಪಿದ. ಪಾಪ, ಬದುಕಲಿಲ್ಲ. ಈ ಕ್ರೌರ್ಯವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಎಲ್ಲರೂ ಹೇಳುತ್ತಾರೆಂದ ಮಾತ್ರಕ್ಕೆ ನಿಜವಲ್ಲ ಎಂಬುದು ಅಂದು ಗೊತ್ತಾಯಿತು.

ಕೂದಲು ಏಕೆ ಜೀರ್ಣವಾಗುವುದಿಲ್ಲ? ಅದು ಕೆರಾಟಿನ್ ಎಂಬ ಪ್ರೋಟೀನು. ಬೇಳೆ, ಮೊಟ್ಟೆಯದೂ ಪ್ರೋಟೀನೇ. ಆದರೆ ಕೆರಾಟಿನ್ನಿನ ಎಳೆಗಳನ್ನು ಗಂಧಕದ ಪರಮಾಣುಗಳು ಒಂದಕ್ಕೊಂದು ಬಿಗಿದು ಕಟ್ಟಿರುತ್ತವೆ. ಜಠರದ ಆಮ್ಲಕ್ಕಾಗಲಿ ಪೆಪ್ಸಿನ್ನಿಗಾಗಲಿ ಆ ಗಂಟು ಬಿಚ್ಚುವ ಶಕ್ತಿಯಿಲ್ಲ. ಕೂದಲು ನುಣುಪಾದ್ದರಿಂದ ಜಠರ ಅದನ್ನು ಹಿಡಿದು ಮುಂದಕ್ಕೆ ತಳ್ಳಲೂ ಆರದು. ಒಂದೊಂದೇ ಎಳೆ ಜಠರದ ಮಡಿಕೆಗಳಲ್ಲಿ ಸಿಕ್ಕಿಕೊಂಡು, ಲೋಳೆ ಮತ್ತು ಆಹಾರದ ಜೊತೆ ಸೇರಿ ಜಡೆಗಟ್ಟುತ್ತದೆ. ಜಾಗವೆಲ್ಲ ಅದೇ ತುಂಬಿದ ಮೇಲೆ ನಾಲ್ಕು ತುತ್ತಿಗೆ ಹೊಟ್ಟೆ ತುಂಬದೆ ಇನ್ನೇನು? ಬಾಲ ಕರುಳಿಗಿಳಿದರೆ ಅದಕ್ಕೆ ರಪುಂಜೆಲ್ ಸಿಂಡ್ರೋಮ್ ಎಂದು ಹೆಸರು. ಗೋಪುರದಿಂದ ಉದ್ದ ಜಡೆ ಇಳಿಬಿಡುವ ಜರ್ಮನ್ ಕಥೆಯ ಹುಡುಗಿಯ ಹೆಸರನ್ನು 1968ರಲ್ಲಿ ವೈದ್ಯರು ಇದಕ್ಕಿಟ್ಟರು. ಬಹಳ ಅಪರೂಪದ ತೊಂದರೆ. ಬರುವುದು ಹೆಚ್ಚಾಗಿ ಹದಿಹರೆಯದ ಹೆಣ್ಣುಮಕ್ಕಳಿಗೆ. ಹಾಗೆಂದು ಹಗುರವಲ್ಲ. ಬಿಟ್ಟರೆ ಕರುಳು ಕಟ್ಟಿಕೊಳ್ಳಬಹುದು, ಜಠರ ತೂತಾಗಬಹುದು. ಕುಷ್ಟಗಿಯ ಬಸ್ಸು ಹತ್ತಿದ್ದರೆ ಈ ಹುಡುಗಿ ಕ್ಯಾನ್ಸರಿಲ್ಲದೆಯೂ ಸಾಯುತ್ತಿದ್ದಳು.

ಆ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಮತ್ತಷ್ಟು ಕಲಿತೆ. ಹೊಟ್ಟೆಯ ಗಡ್ಡೆಯ ವೇಷ ಹಾಕಿ ಬರುವುದು ಕೂದಲೊಂದೇ ಅಲ್ಲ. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಏಮಾರಿಸುವುದು ಕ್ಷಯ. ಕ್ಷಯವೆಂದರೆ ಕೆಮ್ಮು ಎಂದಷ್ಟೇ ನಾವು ತಿಳಿದಿದ್ದೇವೆ. ಅದು ಕರುಳಿಗೂ ಬರುತ್ತದೆ. ಹೊಟ್ಟೆಯ ಬಲಗಡೆ ಕೆಳಗೆ ಗಂಟಾಗಿ ಕೂರುತ್ತದೆ. ಹೆಂಗಸರಲ್ಲಿ ಹೊಟ್ಟೆಯೊಳಗೆ ನೀರು ತುಂಬಿಸಿ, ಅಂಡಾಶಯದ ಕ್ಯಾನ್ಸರಿನಂತೆಯೇ ತೋರುತ್ತದೆ. ಆ ಕ್ಯಾನ್ಸರಿನಲ್ಲಿ ಏರುವ ಸಿಎ 125 ಎಂಬ ರಕ್ತಪರೀಕ್ಷೆಯ ಅಂಕಿ ಕ್ಷಯದಲ್ಲೂ ಏರುವುದುಂಟು. ಚೂರು ಮಾಂಸ ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗಲೇ ನಿಜ ಹೊರಬೀಳುವುದು. ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆಯಲ್ಲಿ ಗುಣವಾಗುತ್ತದೆ. ಮಾತ್ರೆಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ.

ಇನ್ನೊಂದು, ನಾಯಿಯ ಕರುಳಿನಲ್ಲಿರುವ ಪುಟ್ಟ ಲಾಡಿಹುಳುವಿನದು. ಅದರ ಮೊಟ್ಟೆ ಕೈಗೆ, ಸೊಪ್ಪಿಗೆ ಅಂಟಿ ನಮ್ಮ ಹೊಟ್ಟೆ ಸೇರಿದರೆ ಈಲಿಯಲ್ಲಿ ನೀರು ತುಂಬಿದ ಚೀಲವಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಕುರಿ ಮತ್ತು ನಾಯಿ ಒಟ್ಟಿಗಿರುವ ಕಡೆ ಇದು ಹೆಚ್ಚು. ಇಲ್ಲಿ ಗಡ್ಡೆಯೆಂದು ಆತುರದಿಂದ ಸೂಜಿ ಚುಚ್ಚಿದರೆ ಚೀಲದ ನೀರು ಒಳಗೆಲ್ಲ ಸೋರಿ ಪ್ರಾಣಕ್ಕೇ ಸಂಚಕಾರ. ನೋಡಿ, ಒಂದಕ್ಕೆ ಚೂರು ತೆಗೆದು ನೋಡಲೇಬೇಕು, ಇನ್ನೊಂದಕ್ಕೆ ಮೊದಲು ಯೋಚಿಸದೆ ಸೂಜಿ ತಾಗಿಸಬಾರದು, ಮತ್ತೊಂದಕ್ಕೆ ಜಡೆ ಎತ್ತಿ ನೋಡಿ ಒಂದು ಮಾತು ಕೇಳಿದರೆ ಅರ್ಧ ಗೊತ್ತಾಗುತ್ತದೆ. ಕೈಗೆ ಸಿಕ್ಕುವುದು ಮಾತ್ರ ಎಲ್ಲದರಲ್ಲೂ ಒಂದೇ ಗಂಟು. ‘ಎಷ್ಟೋ ದಿನ ಕಕ್ಕಸಿಗೆ ಹೋಗದ ಮಕ್ಕಳ ಹೊಟ್ಟೆಯಲ್ಲೂ ಗಡ್ಡೆ ಸಿಗುತ್ತೆ ಸರ್’ ಎಂದು ಡಾಕ್ಟರಮ್ಮ ನಕ್ಕರು.

ಆದರೆ ಇದನ್ನು ಓದಿ ಯಾರೂ, ‘ಹೊಟ್ಟೆಯ ಗಡ್ಡೆಯೆಲ್ಲ ಸುಳ್ಳು ಗಡ್ಡೆ’ ಎಂದು ಕೈಕಟ್ಟಿ ಕೂರಬಾರದು. ಅದು ನಾನು ಮಾಡಿದ ತಪ್ಪಿನಷ್ಟೇ ದೊಡ್ಡ ತಪ್ಪು. ಪುಟ್ಟ ಮಕ್ಕಳ ಮೂತ್ರಪಿಂಡದಲ್ಲಿ ವಿಲ್ಮ್ಸ್ ಗಡ್ಡೆ ಎಂಬ ನಿಜವಾದ ಕ್ಯಾನ್ಸರ್ ಹುಟ್ಟುವುದುಂಟು. ಅದೂ ಎಷ್ಟೋ ಸಲ ಮೊದಲು ಸಿಗುವುದು ಸ್ನಾನ ಮಾಡಿಸುವ ತಾಯಿಯ ಕೈಗೇ. ಬೇಗ ತೋರಿಸಿ ಪೂರ್ತಿ ಚಿಕಿತ್ಸೆ ಪಡೆದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಆದ್ದರಿಂದ ತಾಯ್ತಂದೆಯರಲ್ಲಿ ನನ್ನ ಅರಿಕೆ ಇಷ್ಟು: ಹೊಟ್ಟೆಯಲ್ಲಿ ಗಂಟು ಸಿಕ್ಕಿದರೆ ತಿಕ್ಕಿಸಬೇಡಿ, ನೀವಿಸಬೇಡಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ರಿಪೋರ್ಟನ್ನು ನನ್ನಂಥವರ ಕೈಗೆ ಕೊಟ್ಟು ಅರ್ಥ ಕೇಳಬೇಡಿ. ಬರೆಸಿದ ಡಾಕ್ಟರನ್ನೇ ಕೇಳಿ: ‘ಇದು ಖಚಿತವೋ, ಸಂಶಯವೋ? ಖಚಿತವಾಗಲು ಇನ್ನು ಯಾವ ಪರೀಕ್ಷೆ ಆಗಬೇಕು?’ ಈ ಎರಡು ಪ್ರಶ್ನೆ ಕೇಳುವುದಕ್ಕೆ ಯಾವ ಡಿಗ್ರಿಯೂ ಬೇಕಿಲ್ಲ.

ಹುಡುಗಿ ಎರಡು ತಿಂಗಳ ನಂತರ ಶಾಲೆಗೆ ಬಂದಳು. ಆಪರೇಷನ್ನಿನಿಂದ ಅರ್ಧ ಕೆಲಸ ಮಾತ್ರ ಆಗಿತ್ತು. ಕೂದಲು ಕಿತ್ತು ನುಂಗುವುದು ಹಠವೂ ಅಲ್ಲ, ಹೊಲಸು ಬುದ್ಧಿಯೂ ಅಲ್ಲ. ಮನಸ್ಸಿನ ಒಂದು ತೊಂದರೆ, ಬೈದರೆ ಹೆಚ್ಚುತ್ತದೆ ಎಂದು ಮನೋವೈದ್ಯರು ತಂದೆತಾಯಿಗೆ ತಿಳಿಸಿ ಹೇಳಿದರು. ಬಹಳ ದಿನ ಅವಳನ್ನು ಕರೆದು ಮಾತಾಡಿಸಿದರು. ಜೊತೆಗೆ ಕಬ್ಬಿಣದ ಮಾತ್ರೆ. ತಾಯಿ ಪಾಳಿ ಬದಲಿಸಿಕೊಂಡರು. ಮರುವರ್ಷ ತಮ್ಮನೂ ಇಲ್ಲಿಗೇ ಬಂದ. ಇಂಥ ತೊಂದರೆಗೆ ಯಾರನ್ನು ಕೇಳುವುದೆಂದು ತಿಳಿಯದವರು ಈಗ 14416ಕ್ಕೆ ಫೋನ್ ಮಾಡಬಹುದು. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಂದಿನಿಂದ ಜೀರ್ಣಕ್ರಿಯೆಯ ಪಾಠಕ್ಕೆ ಒಂದು ಪ್ರಯೋಗ ಸೇರಿಸಿದ್ದೇನೆ. ಎರಡು ಪ್ರನಾಳಗಳಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಹಾಕಿ, ಒಂದರಲ್ಲಿ ಬೇಯಿಸಿದ ಮೊಟ್ಟೆಯ ಬಿಳಿಯ ಚೂರು, ಇನ್ನೊಂದರಲ್ಲಿ ನನ್ನದೇ ನಾಲ್ಕು ನರೆಗೂದಲು ಇಡುತ್ತೇನೆ. ಪೆಪ್ಸಿನ್ ಕೆಲಸ ಮಾಡಲು ಮೈಯ ಬಿಸಿ ಬೇಕೆಂದು ಆಗಾಗ ಉಗುರುಬೆಚ್ಚನೆ ನೀರಿನಲ್ಲಿ ನಿಲ್ಲಿಸುತ್ತೇವೆ. ಮೊಟ್ಟೆ ಕರಗುತ್ತ ಬರುತ್ತದೆ. ವಾರ ಕಳೆದರೂ ಕೂದಲು ಹಾಗೆಯೇ ಇರುತ್ತದೆ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಯಾರ ಕಥೆಯನ್ನೂ ಹೇಳುವುದಿಲ್ಲ.

ಆ ಹುಡುಗಿ ಈಗ ಬಿ.ಕಾಂ. ಮುಗಿಸಿ ಇಲ್ಲೇ ಒಂದು ಕಂಪನಿಯ ಲೆಕ್ಕಪತ್ರದ ವಿಭಾಗದಲ್ಲಿದ್ದಾಳೆ. ಮೊನ್ನೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಸಿಕ್ಕಿದಳು. ಇದನ್ನು ಬರೆಯಲೇ ಎಂದು ಕೇಳಿದೆ. ‘ಬರೀರಿ ಸರ, ಹೆಸರು ಮಾತ್ರ ಹಾಕಬ್ಯಾಡ್ರಿ’ ಎಂದಳು. ಅನೇಕ ವರ್ಷಗಳಿಂದ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೂ ಕೇಳಿಬಿಟ್ಟೆ: ‘ಅಷ್ಟು ದಿನ ಹೊಟ್ಟೆ ನೋವು ತಿಂದೆಯಲ್ಲಮ್ಮ, ಒಂದು ಮಾತು ಯಾರಿಗಾದರೂ ಹೇಳಬಾರದಿತ್ತೇ?’

ಅವಳು ನಕ್ಕಳು. ಸಿಟ್ಟೇನೂ ಇರಲಿಲ್ಲ ಆ ನಗೆಯಲ್ಲಿ.

‘ಎಲ್ಲಾರೂ ಬಿಡು ಅಂದ್ರು ಸರ. ಯಾಕ ಅಂತ ಯಾರೂ ಕೇಳಲಿಲ್ಲ.’